ಎಕ್ಸ್‌ಪಲ್ಸ್‌ಗೆ ಸಾಫ್ಟ್ ಬ್ಯಾಗ್, ಕ್ರ್ಯಾಶ್ ಗಾರ್ಡ್: ಕೊಡಗಿನ ಮಳೆಗೂ ಘಾಟಿಗೂ ಯಾವುದು ಸರಿ?

ಶಾಂತಳ್ಳಿ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕ್. ಕೆಲಸ ಮಡಿಕೇರಿಯಲ್ಲಿ, ಮನೆ ಸೋಮವಾರಪೇಟೆ ದಾಟಿ ಶಾಂತಳ್ಳಿ ಕಡೆ. ವಾರಾಂತ್ಯಕ್ಕೆ ಊರಿಗೆ ಹೋಗುವಾಗ ಲ್ಯಾಪ್‌ಟಾಪ್, ಬಟ್ಟೆ ಇರುತ್ತವೆ. ಬರುವಾಗ ಅಮ್ಮ ಕಟ್ಟಿಕೊಡುವ ಅಕ್ಕಿ, ಬಾಳೆಹಣ್ಣು, ಕಾಫಿಪುಡಿ. ಇಷ್ಟು ದಿನ ಎಲ್ಲವನ್ನೂ ಬೆನ್ನ ಮೇಲಿನ ಬ್ಯಾಗ್‌ನಲ್ಲೇ ಹೊತ್ತುಕೊಂಡು ಬಂದೆ. ಈಗ ಸೊಂಟ ಹಿಡಿದುಕೊಳ್ಳುತ್ತಿದೆ.

ಮಳೆ ನಿಂತ ಮೇಲೆ ಒಬ್ಬನೇ ಒಂದು ಸುತ್ತು ಹೋಗುವ ಯೋಚನೆ ಇದೆ. ಬಿಸ್ಲೆ ಘಾಟಿ ಇಳಿದು ಸುಬ್ರಹ್ಮಣ್ಯ, ಅಲ್ಲಿಂದ ಸಕಲೇಶಪುರ, ಮೂಡಿಗೆರೆ, ಕುದುರೆಮುಖ, ಆಗುಂಬೆ.

ಎರಡು ಬದಿಗೆ ಇಳಿಬಿಡುವ ಸ್ಯಾಡಲ್ ಬ್ಯಾಗ್ ತೆಗೆದುಕೊಳ್ಳಲೋ, ಸೀಟಿನ ಹಿಂದೆ ಲಾಳದ ಆಕಾರದಲ್ಲಿ ಕೂರುವ ರ್‍ಯಾಕ್ ಬೇಡದ ಬ್ಯಾಗ್ ತೆಗೆದುಕೊಳ್ಳಲೋ ಗೊತ್ತಾಗುತ್ತಿಲ್ಲ. 'ವಾಟರ್‌ಪ್ರೂಫ್' ಅಂತ ಎಲ್ಲದರ ಮೇಲೂ ಬರೆದಿರುತ್ತದೆ. ನಮ್ಮ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಯಾವುದು ತಡೆಯುತ್ತದೆ? ಇನ್ನೊಂದು, ಕ್ರ್ಯಾಶ್ ಗಾರ್ಡ್ ನಿಜವಾಗಿ ಬೇಕಾ? ಅಂಗಡಿಯವರು ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದಾರೆ. ಎಲ್ಲ ಹಾಕಿಸಿದರೆ ಬೈಕ್ ಎತ್ತಿ ನಿಲ್ಲಿಸೋದೇ ಕಷ್ಟ ಅನ್ನಿಸಿತು. ಅನುಭವ ಇರುವವರು ದಯವಿಟ್ಟು ಹೇಳಿ.

ವಿರಾಜಪೇಟೆ ವಿ-ಸ್ಟ್ರೋಮ್

ಒಳ್ಳೆ ಪ್ರಶ್ನೆ. ನಾನು ಮಾಕುಟ್ಟ ಘಾಟಿಯಲ್ಲಿ ಇರಿಟ್ಟಿ ಕಡೆಗೆ ಮಳೆಗಾಲದಲ್ಲೂ ಓಡಾಡುವವನು. ಹಾಗಾಗಿ ನೀರಿನ ವಿಷಯ ಮೊದಲು ಹೇಳುತ್ತೇನೆ.

ಬ್ಯಾಗ್ ಮೇಲೆ 1000ಡಿ, 1680ಡಿ ಅಂತ ಬರೆದಿರುತ್ತದಲ್ಲ, ಅದಕ್ಕೂ ನೀರಿಗೂ ಸಂಬಂಧ ಇಲ್ಲ. ಅದು ಡೀನಿಯರ್, ನೂಲಿನ ದಪ್ಪದ ಅಳತೆ. 9,000 ಮೀಟರ್ ನೂಲು 1,000 ಗ್ರಾಂ ತೂಗಿದರೆ 1000 ಡೀನಿಯರ್. ಬಟ್ಟೆ ಎಷ್ಟು ಉಜ್ಜಾಟ ತಡೆಯುತ್ತದೆ ಅನ್ನುವುದಕ್ಕೆ ಇದು ಒಂದು ಅಂದಾಜು ಅಷ್ಟೇ. ನೂಲು ನೈಲಾನೋ ಪಾಲಿಯೆಸ್ಟರೋ ಅಂತಲೂ ನೋಡಬೇಕು. ಅಷ್ಟೇ ಡೀನಿಯರ್‌ನಲ್ಲಿ ನೈಲಾನ್ ಹೆಚ್ಚು ತಡೆಯುತ್ತದೆ.

ನೀರು ಒಳಗೆ ಬರೋದು ಹೊಲಿಗೆಯಿಂದ ಮತ್ತು ಜಿಪ್‌ನಿಂದ. ಸೂಜಿ ಚುಚ್ಚಿದ ಕಡೆಯೆಲ್ಲ ತೂತು. ಅದಕ್ಕೇ ಎರಡು ಬಗೆಯ ಬ್ಯಾಗ್ ಇವೆ. ಒಂದು, ಹೊಲಿದ ಬ್ಯಾಗ್, ಮೇಲೆ ಹಾಕಲು ರೈನ್ ಕವರ್. ಇನ್ನೊಂದು, ಬಿಸಿಯಲ್ಲಿ ಅಂಚುಗಳನ್ನು ಬೆಸೆದು ಮಾಡಿದ್ದು, ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ ರೋಲ್ ಟಾಪ್.

ರೈನ್ ಕವರ್ ನಮ್ಮ ಊರಿಗೆ ಆಗಿಬರಲ್ಲ. ಬೆಂಗಳೂರಿನ ಸಂಜೆ ಮಳೆಗೆ ಸರಿ. ಇಲ್ಲಿ ಮಳೆ ಮೇಲಿನಿಂದ ಮಾತ್ರ ಬರೋದಿಲ್ಲ. ಹಿಂದಿನ ಚಕ್ರ ಎಸೆಯುವ ಕೆಸರು ನೀರು ಕೆಳಗಿನಿಂದ ಬರುತ್ತದೆ. ಅದು ಕವರ್ ಒಳಗೆ ತುಂಬಿ ಬ್ಯಾಗಿನ ತಳ ಅದರಲ್ಲೇ ನೆನೆಯುತ್ತದೆ. ಗಾಳಿಗೆ ಕವರ್ ಉಬ್ಬಿ ಕಿತ್ತು ಹೋದರೆ ಚೈನಿಗೆ ಸಿಕ್ಕಿಕೊಳ್ಳುವ ಅಪಾಯ ಬೇರೆ.

ರೋಲ್ ಟಾಪ್ ಆದರೆ ಕನಿಷ್ಠ ಮೂರು ಸುತ್ತು ಸುತ್ತಿ ಬಕಲ್ ಹಾಕಬೇಕು. ಬಾಯಿವರೆಗೆ ತುಂಬಿ ಒಂದೇ ಸುತ್ತು ಸುತ್ತಿದರೆ ನೀರು ಇಳಿಯುತ್ತದೆ. ಹಾಗಾಗಿ 30 ಲೀಟರ್ ಬೇಕಿದ್ದರೆ 30 ಲೀಟರಿನದ್ದೇ ತೆಗೆದುಕೊಳ್ಳಬೇಡಿ, ಸ್ವಲ್ಪ ದೊಡ್ಡದು ನೋಡಿ.

ನನಗೆ ಬಹಳ ಹಿಡಿಸಿದ್ದು ಮೂರನೇ ದಾರಿ. ಹೊರಗೆ ಗಟ್ಟಿ ಬಟ್ಟೆಯ ಬ್ಯಾಗ್, ಒಳಗೆ ಬೇರೆ ಡ್ರೈ ಬ್ಯಾಗ್, ಅಂದರೆ ನೀರು ಇಳಿಯದ ಚೀಲ. ಹೊರಗಿನದು ನೆನೆಯಲಿ, ಕೆಸರಾಗಲಿ, ಬಿದ್ದಾಗ ಉಜ್ಜಲಿ. ಒಳಗಿನದು ಒಣಗಿರುತ್ತದೆ. ಮನೆ ತಲುಪಿದ ಮೇಲೆ ಒಳಗಿನದನ್ನಷ್ಟೇ ಎತ್ತಿಕೊಂಡು ಒಳಗೆ ಹೋಗಬಹುದು. ಕೆಸರು ಬ್ಯಾಗ್ ಜಗಲಿಗೆ ತರುವ ಕೆಲಸ ಇಲ್ಲ.

ಒಂದು ಎಚ್ಚರಿಕೆ. ಒಳಮೈಗೆ ಪಿಯು (ಪಾಲಿಯುರೆಥೇನ್) ಲೇಪನ ಇರುವ ಬ್ಯಾಗ್‌ಗಳನ್ನು ತೇವದಲ್ಲಿ ಮಡಚಿ ಇಡಬೇಡಿ. ತೇವ ಮತ್ತು ಶಾಖಕ್ಕೆ ಆ ಲೇಪನ ನಿಧಾನಕ್ಕೆ ಕೊಳೆತು ಅಂಟಂಟಾಗುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಇಲ್ಲಿ ಬ್ಯಾಗ್ ಹಾಳಾಗೋದು ರಸ್ತೆಯಲ್ಲಿ ಅಲ್ಲ, ಕಪಾಟಿನೊಳಗೆ.

ನಾಪೋಕ್ಲು ತೋಟ

ವಿರಾಜಪೇಟೆಯವರ ಮಾತು ನೂರಕ್ಕೆ ನೂರು ನಿಜ. ಬೂಷ್ಟು ಹಿಡಿದ ಬ್ಯಾಗ್ ವಾಸನೆ ಹೋಗೋದೇ ಇಲ್ಲ. ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಎಲ್ಲವನ್ನೂ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸುವ ರೂಢಿ ಇದೆ. ಇಂಥ ಬ್ಯಾಗ್ ಅಲ್ಲಿಡಬೇಡಿ. ಶಾಖಕ್ಕೆ ಬೆಸುಗೆ ಬಿಡುತ್ತದೆ. ಬಾಯಿ ತೆಗೆದು, ಬುಡಮೇಲು ಮಾಡಿ, ಗಾಳಿ ಆಡುವ ಕಡೆ ನೇತುಹಾಕಿ.

ದುಡ್ಡು ಕಡಿಮೆ ಇದ್ದರೆ ಇನ್ನೂ ಸುಲಭ ಇದೆ. ದಪ್ಪ ಪಿವಿಸಿ ಟಾರ್ಪಾಲಿನ ಡಫಲ್ ಡ್ರೈ ಬ್ಯಾಗ್ ಒಂದು, ಹಿಂದಿನ ಕ್ಯಾರಿಯರ್ ಮೇಲೆ ಅಡ್ಡ ಕಟ್ಟಿದರೆ ಆಯಿತು. ನಾನು ವರ್ಷಗಳಿಂದ ಹಾಗೇ ಓಡಾಡುತ್ತಿದ್ದೇನೆ. ಆದರೆ ಕಟ್ಟುವುದು ಕೊಕ್ಕೆ ಇರುವ ರಬ್ಬರ್ ಹಗ್ಗದಲ್ಲಿ ಅಲ್ಲ. ಎಳೆದಾಗ ಕೊಕ್ಕೆ ಜಾರಿ ಕಣ್ಣಿಗೆ ಬಡಿಯುತ್ತದೆ. ಕುಲುಕಾಟಕ್ಕೆ ರಬ್ಬರ್ ಹಿಗ್ಗಿ ಬ್ಯಾಗ್ ಒಂದು ಕಡೆ ಜಾರುತ್ತದೆ. ಕ್ಯಾಮ್ ಬಕಲ್ (ಪಟ್ಟಿ ಎಳೆದರೆ ತಾನೇ ಕಚ್ಚಿ ಹಿಡಿಯುವ ಬಕಲ್) ಇರುವ ನೈಲಾನ್ ಪಟ್ಟಿ ಎರಡು ತೆಗೆದುಕೊಳ್ಳಿ. ಅಥವಾ ಒಂದು ತುದಿಯಲ್ಲಿ ಮಾತ್ರ ರಬ್ಬರ್ ಇರುವ ರಾಕ್ ಸ್ಟ್ರ್ಯಾಪ್. ಉಳಿದ ಬಾಲವನ್ನು ಸುತ್ತಿ ಒಳಗೆ ಸಿಕ್ಕಿಸಿ. ಗಾಳಿಗೆ ಹಾರುವ ಪಟ್ಟಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಚಕ್ರವೇ ನಿಂತುಹೋಗುತ್ತದೆ.

ಕಾಚಂಪುಳಿ (ಕೊಡಗಿನ ಹುಳಿ ರಸ), ಜೇನು, ಎಣ್ಣೆ ಬಾಟಲಿ ತರುವವರು ಅದನ್ನು ಬಟ್ಟೆಯ ಜೊತೆ ಇಡಬೇಡಿ. ಬೇರೆ ಡಬ್ಬಿ, ಬೇರೆ ಬದಿ.

ಕುಶಾಲನಗರ ಗ್ಯಾರೇಜ್

ಬ್ಯಾಗ್ ವಿಷಯ ಆಯಿತು. ಗಾರ್ಡ್ ವಿಷಯ ನಾನು ಹೇಳುತ್ತೇನೆ. ನಮ್ಮ ಗ್ಯಾರೇಜಿಗೆ ಬಿದ್ದ ಬೈಕ್‌ಗಳು ಬರುತ್ತಲೇ ಇರುತ್ತವೆ. ಅದರಲ್ಲಿ ಜಾಸ್ತಿ ಬಿದ್ದದ್ದು ವೇಗದಲ್ಲಿ ಅಲ್ಲ. ಪಾಚಿ ಕಟ್ಟಿದ ಕಾಂಕ್ರೀಟ್, ತೋಟದ ಕೆಸರು, ಇಳಿಜಾರಿನಲ್ಲಿ ಯು-ಟರ್ನ್, ಮೆತ್ತಗಿನ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹೂತುಹೋಗಿದ್ದು. ನಿಂತಲ್ಲೇ ಬಿದ್ದವು.

ಹಾಗಾಗಿ ನಾನು ಗಿರಾಕಿಗಳಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. ಬಿದ್ದ ಮೇಲೆ ಯಾವುದು ಮುರಿದರೆ ನೀವು ಮನೆಗೆ ಬರಕ್ಕಾಗಲ್ಲ? ಇಂಡಿಕೇಟರ್ ಮುರಿದರೆ ಬರಬಹುದು. ಟ್ಯಾಂಕ್ ನೆಗ್ಗಿದರೆ ಬರಬಹುದು. ಕ್ಲಚ್ ಲಿವರ್, ಗೇರ್ ಲಿವರ್, ಬ್ರೇಕ್ ಪೆಡಲ್, ಇಂಜಿನ್ ಕೇಸ್, ಆಯಿಲ್ ಕೂಲರ್. ಇವು ಹೋದರೆ ರಸ್ತೆಯಲ್ಲೇ ಕೂರಬೇಕು. ಬಿಸ್ಲೆ ಕಾಡಿನ ನಡುವೆ ಯಾರನ್ನು ಕರೆಯುತ್ತೀರಿ? ದುಡ್ಡು ಇಲ್ಲಿಗೆ ಮೊದಲು ಹಾಕಿ.

ನನ್ನ ಲೆಕ್ಕದಲ್ಲಿ ಮೊದಲನೆಯದು ಹ್ಯಾಂಡ್‌ಗಾರ್ಡ್. ಪ್ಲಾಸ್ಟಿಕ್ ಮಾತ್ರ ಇರುವುದು ಗಾಳಿಗೆ, ಕಾಫಿ ಗಿಡದ ಕೊಂಬೆಗೆ ಸಾಕು. ಬಿದ್ದಾಗ ಅದು ಮಡಚಿ ಲಿವರ್ ಮೇಲೇ ಕೂರುತ್ತದೆ. ಒಳಗೆ ಅಲ್ಯೂಮಿನಿಯಂ ಪಟ್ಟಿ ಇದ್ದು, ಹ್ಯಾಂಡಲ್ ತುದಿಗೂ ನಡುವಿಗೂ ಎರಡು ಕಡೆ ಬೋಲ್ಟ್ ಆಗುವಂಥದ್ದು ಬೇಕು. ಹಾಕಿಸಿದ ಮೇಲೆ ಹ್ಯಾಂಡಲ್ ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ. ಕೇಬಲ್ ಎಳೆಯಬಾರದು, ಟ್ಯಾಂಕಿಗೆ ತಾಗಬಾರದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ತಾನೇ ಹಿಂದಕ್ಕೆ ಬರಬೇಕು.

ಲಿವರ್ ಕ್ಲ್ಯಾಂಪ್ ಬೋಲ್ಟನ್ನು ಜೀವ ಹೋಗುವಷ್ಟು ಬಿಗಿ ಮಾಡಬೇಡಿ. ಓಡಿಸುವಾಗ ಅಲುಗಬಾರದು, ಆದರೆ ಕೈಯಲ್ಲಿ ಜೋರಾಗಿ ತಳ್ಳಿದರೆ ತಿರುಗಬೇಕು. ಆಗ ಬಿದ್ದ ಏಟಿಗೆ ಲಿವರ್ ಮುರಿಯದೆ ತಿರುಗಿಕೊಳ್ಳುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಬ್ಯಾಗಿನಲ್ಲಿ ಒಂದೊಂದು ಸ್ಪೇರ್ ಲಿವರ್ ಇಡಿ.

ಎರಡನೆಯದು ಕ್ರ್ಯಾಶ್ ಗಾರ್ಡ್. ಪೈಪ್ ಎಷ್ಟು ದಪ್ಪ ಅಂತ ಎಲ್ಲರೂ ನೋಡುತ್ತಾರೆ. ಅದು ಎಲ್ಲಿ ಬೋಲ್ಟ್ ಆಗಿದೆ ಅಂತ ಯಾರೂ ನೋಡಲ್ಲ. ಒಂದೇ ಕಡೆ ಹಿಡಿದಿರುವ ಗಾರ್ಡ್ ಸನ್ನೆಕೋಲಿನ ಕೆಲಸ ಮಾಡುತ್ತದೆ. ಬಿದ್ದ ಏಟನ್ನೆಲ್ಲ ಫ್ರೇಮಿನ ಆ ಒಂದು ಕಿವಿಗೆ ಹಾಕಿ ಅದನ್ನೇ ಮುರಿಯುತ್ತದೆ. ಪ್ರತಿ ಬದಿಯಲ್ಲಿ ಎರಡು ಮೂರು ಕಡೆ ಹಿಡಿದಿರಬೇಕು. ಎಡ ಬಲದ ಗಾರ್ಡ್ ಮುಂದೆ ಒಂದಕ್ಕೊಂದು ಸೇರಿರಬೇಕು. ಆಗ ಏಟು ಹಂಚಿಹೋಗುತ್ತದೆ.

ಬಹಳ ಗಡಸು ಗಾರ್ಡ್ ಒಳ್ಳೆಯದು ಅನ್ನೋದು ತಪ್ಪು ಕಲ್ಪನೆ. ಗಾರ್ಡ್ ಸ್ವಲ್ಪ ಬಗ್ಗಬೇಕು. ಬಗ್ಗಿದ ಗಾರ್ಡ್ ಬದಲಾಯಿಸಬಹುದು. ಫ್ರೇಮ್ ಬಗ್ಗಿದರೆ ಬೈಕ್ ಮುಗೀತು. ಮೈಲ್ಡ್ ಸ್ಟೀಲ್ ಪೈಪ್, ಮೇಲೆ ಪೌಡರ್ ಕೋಟಿಂಗ್ ಇದ್ದರೆ ನನಗೆ ಸಾಕು. ನಮ್ಮ ಮಳೆಗೆ ತುಕ್ಕು ಬರುತ್ತದೆ ನಿಜ. ಕೋಟಿಂಗ್ ಎದ್ದ ಕಡೆ ಉಜ್ಜಿ ಪೇಂಟ್ ಹಚ್ಚಿ.

ಬೋಲ್ಟ್ ವಿಷಯ ಒಂದು ಮುಖ್ಯ. ತುಕ್ಕು ಹಿಡಿಯಲ್ಲ ಅಂತ ಕೆಲವರು ಕಿಟ್‌ನ ಬೋಲ್ಟ್ ತೆಗೆದು ಸ್ಟೇನ್‌ಲೆಸ್ ಹಾಕುತ್ತಾರೆ. ತಲೆ ಮೇಲೆ 8.8 ಅಂತ ಇರುವ ಹೈ ಟೆನ್ಸೈಲ್ ಬೋಲ್ಟ್‌ಗೆ 800 ಮೆಗಾಪಾಸ್ಕಲ್ ಬಲ. ಎ2-70 ಸ್ಟೇನ್‌ಲೆಸ್‌ಗೆ 700. ಕಡಿಮೆ ಆಯಿತಲ್ವಾ? ಸಾಲದ್ದಕ್ಕೆ ಸ್ಟೇನ್‌ಲೆಸ್ ಬೋಲ್ಟ್ ಅಲ್ಯೂಮಿನಿಯಂ ಇಂಜಿನ್ನಿಗೆ ಹಾಕಿ ಮಳೆ ನೀರು ಸೇರಿದರೆ ಎರಡು ಲೋಹಗಳ ನಡುವೆ ಸವೆತ ಶುರುವಾಗಿ ಬೋಲ್ಟ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಚ್ಚಲು ಬರಲ್ಲ. ಇಂಜಿನ್ ಮೌಂಟಿಂಗ್ ಬೋಲ್ಟ್‌ಗಳಿಗಂತೂ ಕಂಪನಿ ಹೇಳಿದ ಗ್ರೇಡ್, ಕಂಪನಿ ಹೇಳಿದ ಟಾರ್ಕ್. ಅಂದಾಜಿನ ಮೇಲೆ ತಿರುಗಿಸಬೇಡಿ.

ಸಂಪಾಜೆ ಘಾಟಿ

ಗ್ಯಾರೇಜ್‌ನವರೇ, ಬಹಳ ಉಪಯೋಗ ಆಯಿತು. ನಾನು ಬೇರೆ ಅಭಿಪ್ರಾಯ ಹೇಳಬೇಕು ಮಾರಾಯ್ರೆ. ಎಲ್ಲರೂ ಸಾಫ್ಟ್ ಬ್ಯಾಗ್ ಅನ್ನುತ್ತಿದ್ದೀರಿ. ನಾನು ಹಿಮಾಲಯನ್ 411ಕ್ಕೆ ಗಟ್ಟಿ ಪೆಟ್ಟಿಗೆ ಹಾಕಿಸಿದ್ದೇನೆ. ಮಡಿಕೇರಿಯಲ್ಲಿ ನಿಲ್ಲಿಸಿ ಬೀಗ ಹಾಕಿ ಆಫೀಸಿಗೆ ಹೋಗಬಹುದು. ಸಾಫ್ಟ್ ಬ್ಯಾಗ್ ಅಂದರೆ ಒಂದು ಬ್ಲೇಡ್ ಸಾಕು ಅಲ್ವಾ? ಲ್ಯಾಪ್‌ಟಾಪ್ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. ನೀರೂ ಬರುವುದಿಲ್ಲ.

ಗೋಣಿಕೊಪ್ಪ ರೈಡರ್

ಸಂಪಾಜೆಯವರೇ, ದಿನಾ ಪಟ್ಟಣದಲ್ಲಿ ಓಡಾಡಲು ನಿಮ್ಮದು ಸರಿ. ಕೆಸರು ರಸ್ತೆಗೆ ನಾನು ಒಪ್ಪಲ್ಲ. ಕಾರಣ ಕಾಲು.

ಕೆಸರಿನಲ್ಲಿ ಬೈಕ್ ಜಾರಿದಾಗ ನಾವು ತಕ್ಷಣ ಕಾಲು ಕೆಳಗೆ ಊರುತ್ತೇವೆ. ಬೈಕ್ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಕಾಲು ಹಿಂದಕ್ಕೆ ಹೋಗಿ ಬದಿಯ ಪೆಟ್ಟಿಗೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಅಲ್ಯೂಮಿನಿಯಂ ಪೆಟ್ಟಿಗೆಯ ಮೂಲೆಗೆ ಮೀನಖಂಡ ಸಿಕ್ಕರೆ ಮೂಳೆಯೇ ಮುರಿಯಬಹುದು. ಬಟ್ಟೆ ಬ್ಯಾಗ್ ಆದರೆ ಒತ್ತಿಕೊಂಡು ಜಾಗ ಕೊಡುತ್ತದೆ. ಇದೊಂದೇ ಕಾರಣಕ್ಕೆ ತೋಟದ ರಸ್ತೆ, ಮಣ್ಣಿನ ರಸ್ತೆ ಓಡಿಸುವವರಿಗೆ ನಾನು ಸಾಫ್ಟ್ ಬ್ಯಾಗೇ ಹೇಳೋದು. ಆದರೆ ಬ್ಯಾಗಿನ ಮುಂಭಾಗಕ್ಕೆ, ಕಾಲಿನ ಹತ್ತಿರಕ್ಕೆ, ಸ್ಪ್ಯಾನರ್, ಪಂಪ್ ಇಡಬೇಡಿ. ಹಾಗೆ ಇಟ್ಟರೆ ಅದೂ ಗಟ್ಟಿ ಪೆಟ್ಟಿಗೆಯೇ ಆಗುತ್ತದೆ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಬಿದ್ದ ಬೈಕನ್ನು ಒಬ್ಬರೇ ಎತ್ತಬೇಕು. ನನ್ನ ಎತ್ತರ 5 ಅಡಿ 2 ಇಂಚು, ಬೈಕ್ ಹಿಮಾಲಯನ್ 450, 196 ಕೆ.ಜಿ. ಅದರ ಮೇಲೆ ತುಂಬಿದ ಬ್ಯಾಗ್ ಇದ್ದರೆ ಎತ್ತಲು ಸಾಧ್ಯವೇ ಇಲ್ಲ. ಹಾಗಾಗಿ ಬ್ಯಾಗ್ ನೋಡುವಾಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಗ್ಲೌಸ್ ಹಾಕಿಕೊಂಡು, ಬೈಕ್ ಮಲಗಿದ್ದಾಗ ಬಕಲ್ ಯಾವ ಕಡೆ ಬರುತ್ತದೆ ಅಂತ ಯೋಚಿಸಿ, ಬಿಚ್ಚಿ ನೋಡಿ. ಬಕಲ್ ಸೀಟಿನ ಅಡಿಯಲ್ಲೋ ಬ್ಯಾಗಿನ ಹಿಂದೆಯೋ ಅಡಗಿದ್ದರೆ ಆ ಬ್ಯಾಗ್ ಬೇಡ.

ಎತ್ತುವಾಗ ಮೊದಲು ಇಂಜಿನ್ ಆಫ್ ಮಾಡಿ. ಬ್ಯಾಗ್ ತೆಗೆಯಿರಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಹೊರಗೆ ತೆಗೆದಿಡಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆಚೆ ಕಡೆ ಬೀಳುತ್ತದೆ. ಗೇರ್‌ನಲ್ಲಿಡಿ, ಚಕ್ರ ಉರುಳಬಾರದು. ಬೆನ್ನನ್ನು ಸೀಟಿಗೆ ಕೊಟ್ಟು, ಕಾಲಿನ ಬಲದಲ್ಲಿ ಹಿಂದಕ್ಕೆ ತಳ್ಳುತ್ತ ಎತ್ತಿ. ಇಳಿಜಾರಿನಲ್ಲಿ ಚಕ್ರಗಳು ಮೇಲಿನ ಕಡೆ ಇದ್ದರೆ ಮಲಗಿದ ಬೈಕನ್ನೇ ತಿರುಗಿಸಿ, ಚಕ್ರ ಕೆಳಗೆ ಬರುವಂತೆ ಮಾಡಿಕೊಂಡು ಎತ್ತಿ. ಇಲ್ಲಿ ಕ್ರ್ಯಾಶ್ ಗಾರ್ಡ್‌ನ ಇನ್ನೊಂದು ಉಪಯೋಗ ಗೊತ್ತಾಗುತ್ತದೆ. ಗಾರ್ಡ್ ಇದ್ದರೆ ಬೈಕ್ ಪೂರ್ತಿ ನೆಲಕ್ಕೆ ಅಂಟಲ್ಲ. ಅರ್ಧ ಎದ್ದಂತೆ ಇರುತ್ತದೆ. ಕಾಲು ಅಡಿಯಲ್ಲಿ ಸಿಕ್ಕಿದ್ದರೂ ಎಳೆದುಕೊಳ್ಳಲು ಜಾಗ ಸಿಗುತ್ತದೆ.

ಸಂಪಾಜೆ ಘಾಟಿ

ಕಾಲಿನ ವಿಷಯ ಹೌದು ಅಕ್ಕ, ಅದನ್ನು ನಾನು ಯೋಚಿಸಿರಲಿಲ್ಲ. ಆದರೂ ಲ್ಯಾಪ್‌ಟಾಪ್?

ಗೋಣಿಕೊಪ್ಪ ರೈಡರ್

ಅದು ಬೆನ್ನ ಮೇಲೆ. ಲ್ಯಾಪ್‌ಟಾಪ್ ಒಂದೇ ಇದ್ದರೆ ಸೊಂಟಕ್ಕೆ ಭಾರ ಅಲ್ಲ. ಹಿಂದಿನ ಚಕ್ರದ ಮೇಲೆ ಕುಲುಕುವುದಕ್ಕಿಂತ ಅದೇ ವಾಸಿ.

ಶಾಂತಳ್ಳಿ ಸವಾರ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನೂ ಕೆಲವು ಅನುಮಾನ ಇವೆ. ಎಕ್ಸ್‌ಪಲ್ಸ್‌ನ ಸೈಲೆನ್ಸರ್ ಬಲಗಡೆ ಮೇಲಕ್ಕೆ ಬಂದಿದೆ. ಬಲ ಬ್ಯಾಗ್ ಸುಟ್ಟುಹೋಗಲ್ವಾ? ಎಡಗಡೆ ಸೀರೆ ಗಾರ್ಡ್ ಇದೆ, ಅದನ್ನು ತೆಗೆಸಬೇಕಾ? ನನ್ನ ಬೈಕಿಗೆ ಕಂಪನಿಯಿಂದಲೇ ಅಡಿಯಲ್ಲಿ ಒಂದು ಪ್ಲೇಟ್ ಬಂದಿದೆ. ಅದು ಸಾಕಾ?

ಕುಶಾಲನಗರ ಗ್ಯಾರೇಜ್

ಸೀರೆ ಗಾರ್ಡ್ ತೆಗೆಸಬೇಡಿ. ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಗದಂತೆ ಅರ್ಧ ಚಕ್ರವನ್ನಾದರೂ ಮುಚ್ಚುವ ರಕ್ಷಣೆ ಇರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಬ್ಯಾಗಿಗೂ ಅದೇ ಆಸರೆ. ಎಡ ಬ್ಯಾಗ್ ಚೈನಿನ ಕಡೆ ಸರಿಯದಂತೆ ತಡೆಯುತ್ತದೆ.

ಬಲಗಡೆಗೆ ಸ್ಯಾಡಲ್ ಸ್ಟೇ ಹಾಕಿಸಲೇಬೇಕು. ಸ್ಟೇ ಅಂದರೆ ಬ್ಯಾಗನ್ನು ಸೈಲೆನ್ಸರ್‌ನಿಂದ ದೂರ ಹಿಡಿಯುವ ಪೈಪಿನ ಚೌಕಟ್ಟು. ನಿಂತ ಬೈಕಿನಲ್ಲಿ ಮೂರು ಬೆರಳು ಜಾಗ ಕಂಡರೆ ಸಾಕು ಅಂದುಕೊಳ್ಳಬೇಡಿ. ಇಬ್ಬರು ಸೀಟಿನ ಮೇಲೆ ಕೂತು ಜೋರಾಗಿ ಕುಲುಕಿ ನೋಡಬೇಕು. ಹೊಂಡಕ್ಕೆ ಇಳಿದಾಗ ಬ್ಯಾಗ್ ಎಲ್ಲಿಗೆ ಬರುತ್ತದೆ ಅನ್ನೋದು ಆಗಲೇ ಗೊತ್ತಾಗುವುದು. ಸೈಲೆನ್ಸರ್‌ನ ಬಾಯಿ ಬ್ಯಾಗಿಗೆ ಎದುರಾಗಿರಲೇಬಾರದು. ಬಟ್ಟೆ ಕರಗಿ ಅಂಟಿಕೊಂಡ ಸೈಲೆನ್ಸರ್ ಉಜ್ಜುವ ಕೆಲಸ ನಮಗೆ ಮಾಮೂಲು.

ಅಡಿಯ ಪ್ಲೇಟ್ ನಿಮ್ಮ ಓಡಾಟಕ್ಕೆ ಸಾಕು. ಕಲ್ಲು ಹತ್ತಿಸುವ ಚಟ ಇದ್ದರೆ ಮಾತ್ರ ಇಂಜಿನ್ನಿನ ಎರಡೂ ಬದಿ ಮುಚ್ಚುವ 4 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್. ಅದನ್ನು ಹಾಕಿಸುವುದಾದರೆ ಆಯಿಲ್ ಬಿಡುವ ಬೋಲ್ಟ್‌ಗೆ ತೂತು ಇದೆಯಾ ನೋಡಿ. ನಮ್ಮ ಕೆಂಪು ಮಣ್ಣಿನ ಕೆಸರು ಪ್ಲೇಟ್ ಮತ್ತು ಇಂಜಿನ್ ನಡುವೆ ತುಂಬಿ ಒಣಗಿದರೆ ಇಂಜಿನ್ ಬಿಸಿ ಹೊರಗೆ ಹೋಗಲ್ಲ. ಮಳೆಗಾಲದಲ್ಲಿ ಆಗಾಗ ಬಿಚ್ಚಿ ತೊಳೆಯಬೇಕು.

ಫ್ರೇಮ್ ಸ್ಲೈಡರ್ (ಫ್ರೇಮಿನ ಬದಿಗೆ ಹಾಕುವ ಗಟ್ಟಿ ಪ್ಲಾಸ್ಟಿಕ್ ಗೂಟ) ಕೂಡ ಅಂಗಡಿಯವರ ಪಟ್ಟಿಯಲ್ಲಿ ಇರಬಹುದು. ಅದು ಡಾಂಬರಿನ ಮೇಲೆ ಜಾರಲು ಮಾಡಿದ್ದು. ಕೆಸರಿನಲ್ಲಿ ಹೂತುಹೋಗುತ್ತದೆ. ಕ್ರ್ಯಾಶ್ ಗಾರ್ಡ್ ಇದ್ದ ಮೇಲೆ ಬೇಡ. ಮಂಜಿಗೆ ಅಂತ ಫಾಗ್ ಲೈಟ್ ಹಾಕಿಸುವವರು ಗಾರ್ಡ್‌ನ ಹೊರ ಅಂಚಿಗೆ ಹಾಕಿಸುತ್ತಾರೆ. ಬಿದ್ದಾಗ ಮೊದಲು ನೆಲ ಮುಟ್ಟುವುದೇ ಅದು. ಪೈಪಿನ ಒಳಬದಿಗೆ ಹಾಕಿಸಿ.

ವಿರಾಜಪೇಟೆ ವಿ-ಸ್ಟ್ರೋಮ್

ಸ್ಯಾಡಲ್ ಬ್ಯಾಗೋ ಲಾಳದ ಬ್ಯಾಗೋ ಅಂತ ಕೇಳಿದ್ದೀರಿ. ಒಬ್ಬರೇ ಹೋಗುವುದಾದರೆ, ಅದರಲ್ಲೂ ಎಕ್ಸ್‌ಪಲ್ಸ್‌ನಂಥ 158 ಕೆ.ಜಿ.ಯ ಹಗುರ ಬೈಕಿಗೆ, ಲಾಳದ ಬ್ಯಾಗ್ ಚೆನ್ನ. ಭಾರ ಸೀಟಿನ ಹತ್ತಿರವೇ ಇರುತ್ತದೆ, ಅಗಲ ಕಡಿಮೆ, ಎರಡು ಕಾಫಿ ಗಿಡದ ನಡುವೆ ನುಗ್ಗಬಹುದು. ಆದರೆ ಹಿಂದೆ ಯಾರೂ ಕೂರುವಂತಿಲ್ಲ. ಪ್ರತಿ ಸಲ ಕಟ್ಟಿ ಬಿಚ್ಚುವುದು ತಲೆನೋವು. ನೀವು ವಾರ ವಾರ ಅಕ್ಕಿ ತರುವವರು. ನಿಮಗೆ ಸ್ಟೇ ಮೇಲೆ ಕೂರುವ ಸಣ್ಣ ಸ್ಯಾಡಲ್ ಬ್ಯಾಗೇ ಸರಿ ಅನ್ನಿಸುತ್ತದೆ.

ಭಾರ ಹೇಗೆ ಇಡುತ್ತೀರಿ ಅನ್ನೋದು ಯಾವ ಬ್ಯಾಗ್ ಅನ್ನೋದಕ್ಕಿಂತ ದೊಡ್ಡದು. ಅಕ್ಕಿ ಎರಡು ಪೊಟ್ಟಣ ಮಾಡಿ ಎರಡೂ ಬದಿಗೆ. ತಳಕ್ಕೆ, ಮುಂದಕ್ಕೆ. ಬಟ್ಟೆ ಮೇಲಕ್ಕೆ. ಹಿಂದಿನ ಕ್ಯಾರಿಯರ್ ಮೇಲೆ ಹಗುರದ್ದು ಮಾತ್ರ. ಅದು ಹಿಂದಿನ ಚಕ್ರದ ಅಚ್ಚಿಗಿಂತಲೂ ಆಚೆ ಇರುತ್ತದೆ. ಅಲ್ಲಿ ಭಾರ ಹಾಕಿದರೆ ಮುಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಹಿಡಿತ ಸಿಗಲ್ಲ. ಮಾದಾಪುರ ರಸ್ತೆಯ ಒದ್ದೆ ತಿರುವುಗಳಲ್ಲಿ ನಿಮಗೆ ಬೇಕಾದ್ದೇ ಮುಂದಿನ ಚಕ್ರದ ಹಿಡಿತ. ಕ್ಯಾರಿಯರ್ ಎಷ್ಟು ಕೆ.ಜಿ. ತಾಳುತ್ತದೆ ಅಂತ ಮ್ಯಾನುಯಲ್‌ನಲ್ಲಿ ಇರುತ್ತದೆ. ದಾಟಿಸಿದರೆ ಸಬ್‌ಫ್ರೇಮ್ (ಸೀಟನ್ನು ಹೊರುವ ಹಿಂದಿನ ಚೌಕಟ್ಟು) ಬಿರುಕು ಬಿಡುತ್ತದೆ. ಭಾರ ಹಾಕಿದ ದಿನ ಹಿಂದಿನ ಟೈರಿನ ಗಾಳಿ, ಶಾಕ್‌ನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಎರಡನ್ನೂ ಮ್ಯಾನುಯಲ್ ಪ್ರಕಾರ ಏರಿಸಿ.

ಬ್ಯಾಗ್ ಮತ್ತು ಸೈಡ್ ಪ್ಯಾನಲ್ ನಡುವೆ ಸೇರುವ ಮಣ್ಣು ಉಪ್ಪುಕಾಗದದ ಹಾಗೆ ಪೇಂಟ್ ತೆಗೆದುಬಿಡುತ್ತದೆ. ತಾಗುವ ಕಡೆ ದಪ್ಪ ಪಾರದರ್ಶಕ ಫಿಲ್ಮ್ ಅಂಟಿಸಿ.

ನಾಪೋಕ್ಲು ತೋಟ

ಯಾವ ಕಂಪನಿ ಅಂತ ಯಾರೂ ಹೇಳಲಿಲ್ಲ. ನಮ್ಮ ದೇಶದಲ್ಲೇ ವಯಾಟೆರಾ, ರೈನಾಕ್ಸ್, ಗಾರ್ಡಿಯನ್ ಗೇರ್ಸ್ ಮೂರೂ ಸಾಫ್ಟ್ ಬ್ಯಾಗ್ ಮಾಡುತ್ತವೆ. ಕ್ರೀಗಾ, ಮಾಸ್ಕೋ ಮೋಟೋ, ಜೈಂಟ್ ಲೂಪ್ ಹೊರದೇಶದವು. ಕೆಲಸ ಚೆನ್ನಾಗಿರುತ್ತದೆ, ಬೆಲೆ ಜಾಸ್ತಿ. ಒಂದು ಬಕಲ್ ಮುರಿದರೆ ಬದಲಿ ಬಿಡಿಭಾಗ ಇಲ್ಲಿ ಸಿಗುತ್ತದಾ ಅಂತ ಕೇಳಿಕೊಂಡೇ ತೆಗೆದುಕೊಳ್ಳಿ. ನನಗೆ ಅದು ಹೆಸರಿಗಿಂತ ಮುಖ್ಯ.

ಗೋಣಿಕೊಪ್ಪ ರೈಡರ್

ಇಷ್ಟು ಹೊತ್ತು ಬೈಕಿನ ಮೈ ಬಗ್ಗೆ ಮಾತಾಡಿದೆವು. ನಿಮ್ಮ ಮೈ? ಕ್ರ್ಯಾಶ್ ಗಾರ್ಡ್‌ಗೆ ದುಡ್ಡು ಕೊಟ್ಟು ಮೊಣಕಾಲಿಗೆ ಏನೂ ಹಾಕದೆ ಓಡಿಸುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್ ಬಗ್ಗೆ ಬೇರೆ ಹೇಳಬೇಕಿಲ್ಲ.

ಮೊಣಕೈ, ಭುಜ, ಮೊಣಕಾಲಿನ ರಕ್ಷಾಕವಚಕ್ಕೆ ಇಎನ್ 1621-1 ಅನ್ನುವ ಯುರೋಪಿನ ಮಾನದಂಡ ಇದೆ. 50 ಜೂಲ್ ಏಟು ಕೊಟ್ಟಾಗ ಒಳಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20 ಒಳಗಿದ್ದರೆ ಲೆವೆಲ್ 2. ಬೆನ್ನಿನದಕ್ಕೆ 1621-2. ಅಲ್ಲಿ 18 ಮತ್ತು 9. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ಎಷ್ಟೋ ಜಾಕೆಟ್‌ಗಳ ಬೆನ್ನಿನಲ್ಲಿ ಸುಮ್ನೆ ಫೋಮ್ ತುಂಡು ಇರುತ್ತದೆ. ಹೊರಗೆ ಎಳೆದು ಮೇಲೆ ಏನು ಮುದ್ರೆ ಇದೆ ಓದಿ. ಮುದ್ರೆ ಇಲ್ಲದಿದ್ದರೆ ಬದಲಾಯಿಸಿ. ಅಂಗಾಲು, ಪಾದದ ಕೀಲಿಗೆ ಗಟ್ಟಿ ಬೂಟು. ಗಂಬೂಟು ಹಾಕಿಕೊಂಡು ಓಡಿಸಬೇಡಿ, ಮೆತ್ತಗಿರುತ್ತದೆ, ಮಡಚುತ್ತದೆ.

ಬೆನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಬಿಟ್ಟು ಬೇರೆ ಗಟ್ಟಿ, ಚೂಪಾದ ವಸ್ತು ಇಡಬೇಡಿ. ಹಿಂದಕ್ಕೆ ಬಿದ್ದರೆ ಅದು ಬೆನ್ನುಮೂಳೆಗೇ ಒತ್ತುತ್ತದೆ.

ಸಂಪಾಜೆ ಘಾಟಿ

ಅಕ್ಕ ಹೇಳಿದ್ದು ಓದಿ ನನ್ನ ಜಾಕೆಟ್ ಬಿಚ್ಚಿ ನೋಡಿದೆ. ಫೋಮೇ. ಈ ವಾರ ಬದಲಾಯಿಸುತ್ತೇನೆ.

ಶಾಂತಳ್ಳಿಯವರಿಗೆ ಒಂದು ಮಾತು. ಬ್ಯಾಗ್ ತುಂಬುವಾಗ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಲೆಕ್ಕವೂ ಇರಲಿ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲ ಕಡೆ ಗುಡ್ಡ ಕುಸಿದು ನಮ್ಮ ಘಾಟಿಯೇ ಮುಚ್ಚಿಹೋಯಿತು. ಅಷ್ಟು ದೊಡ್ಡದಲ್ಲದಿದ್ದರೂ ಮಳೆಗಾಲದಲ್ಲಿ ಬರೆ ಜರಿಯೋದು, ಮರ ಬೀಳೋದು ಇದ್ದದ್ದೇ. ಗಂಟೆಗಟ್ಟಲೆ ಮಳೆಯಲ್ಲಿ ನಿಲ್ಲಬೇಕು. ಟಾರ್ಚ್, ಕುಡಿಯುವ ನೀರು, ಒಂದು ಒಣ ಸ್ವೆಟರ್, ತಿನ್ನಲು ಏನಾದರೂ. ಇವು ತಳದಲ್ಲಿ ಇದ್ದರೆ ಪ್ರಯೋಜನ ಇಲ್ಲ. ಇಡೀ ಬ್ಯಾಗ್ ಮಳೆಗೆ ಬಿಚ್ಚಬೇಕಾಗುತ್ತದೆ. ಟ್ಯಾಂಕ್ ಮೇಲೆ ಒಂದು ಸಣ್ಣ ಬ್ಯಾಗ್ ಇಟ್ಟುಕೊಳ್ಳಿ. ಹ್ಯಾಂಡಲ್ ತಿರುಗಿಸಲು ಅಡ್ಡ ಬರದಷ್ಟು ಸಣ್ಣದು.

ಶಾಂತಳ್ಳಿ ಸವಾರ

ಎಲ್ಲ ಓದಿ ನಿರ್ಧಾರ ಮಾಡಿದೆ. ಮೊದಲು ಅಲ್ಯೂಮಿನಿಯಂ ಪಟ್ಟಿಯ ಹ್ಯಾಂಡ್‌ಗಾರ್ಡ್, ಎಡ ಬಲ ಸೇರಿರುವ ಕ್ರ್ಯಾಶ್ ಗಾರ್ಡ್, ಒಂದು ಜೊತೆ ಸ್ಪೇರ್ ಲಿವರ್. ಸ್ಲೈಡರ್, ದಪ್ಪ ಪ್ಲೇಟ್, ಫಾಗ್ ಲೈಟ್ ಮೂರನ್ನೂ ಪಟ್ಟಿಯಿಂದ ತೆಗೆದೆ. ಉಳಿದ ದುಡ್ಡಿನಲ್ಲಿ ಮೊಣಕಾಲಿಗೆ, ಬೆನ್ನಿಗೆ ಲೆವೆಲ್ 2. ಆಮೇಲೆ ಸ್ಟೇ, ಒಂದೊಂದು 15 ಲೀಟರಿನ ಎರಡು ಸ್ಯಾಡಲ್ ಬ್ಯಾಗ್, ಒಳಗೆ ಡ್ರೈ ಬ್ಯಾಗ್. ಆಗುಂಬೆಗೆ ಹೋಗುವಾಗ ನಾಪೋಕ್ಲು ಅಣ್ಣ ಹೇಳಿದ ಟಾರ್ಪಾಲಿನ ಡಫಲ್ ಹಿಂದೆ, ಬಟ್ಟೆಗೆ ಮಾತ್ರ. ಗ್ಯಾರೇಜ್‌ನವರೇ, ಹಾಕಿಸಲು ನಿಮ್ಮಲ್ಲಿಗೇ ಬರಬಹುದಾ?

ಕುಶಾಲನಗರ ಗ್ಯಾರೇಜ್

ಬನ್ನಿ. ಗಾರ್ಡ್ ಜೊತೆ ಬಂದ ಬೋಲ್ಟ್, ವಾಷರ್, ಸ್ಪೇಸರ್ ಒಂದನ್ನೂ ಬಿಡದೆ ತನ್ನಿ. ಬ್ಯಾಗ್‌ಗಳನ್ನೂ ತನ್ನಿ, ಖಾಲಿ ಅಲ್ಲ, ತುಂಬಿಕೊಂಡೇ. ಸೈಲೆನ್ಸರ್ ಜಾಗ ಅಲ್ಲೇ ಕೂತು ಕುಲುಕಿ ನೋಡಿಬಿಡೋಣ. ಬೋಲ್ಟ್‌ಗಳಿಗೆ ನೀಲಿ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ, ತಲೆ ಮೇಲೆ ಪೇಂಟಿನ ಗೆರೆ ಎಳೆದುಕೊಡುತ್ತೇನೆ. ಗೆರೆ ಸರಿದರೆ ಬೋಲ್ಟ್ ಸಡಿಲ ಆಗಿದೆ ಅಂತ ನಿಮಗೇ ಕಾಣುತ್ತದೆ. ಮೊದಲ 200 ಕಿ.ಮೀ. ಆದ ಮೇಲೆ ಒಮ್ಮೆ ಎಲ್ಲ ಗೆರೆ ನೋಡಿ. ಆಮೇಲೆ ಬಿಸ್ಲೆ ಕಡೆ ಹೊರಡಿ. ಇನ್ಶೂರೆನ್ಸ್ ಪಾಲಿಸಿಯೂ ಒಮ್ಮೆ ತೆಗೆದು ನೋಡಿ. ಹೊರಗಿನಿಂದ ಹಾಕಿಸಿದ ಬಿಡಿಭಾಗಗಳನ್ನು ಬೇರೆಯಾಗಿ ಸೇರಿಸದಿದ್ದರೆ ಅವುಗಳ ದುಡ್ಡು ಕ್ಲೈಮ್‌ನಲ್ಲಿ ಸಿಗುವುದಿಲ್ಲ. ಬಿಲ್ ಇಟ್ಟುಕೊಳ್ಳಿ.